ಹಳೆಯ ಗೋಡೆಗೆ ಸಿಮೆಂಟ್ ಯಾಕೆ ಬೇಡ?

ಹಳೆಯ ಕಟ್ಟಡ ಬಿರುಕು ಬಿಟ್ಟರೆ ಎಲ್ಲರಿಗೂ ಮೊದಲು ನೆನಪಾಗುವುದು ಸಿಮೆಂಟ್. ಗಟ್ಟಿಯಾಗಿರುತ್ತದೆ, ಬೇಗ ಬಿಗಿಯುತ್ತದೆ. ಆದರೆ ಪಾರಂಪರಿಕ ಕಟ್ಟಡಗಳಿಗೆ ಕುತ್ತು ತರುವುದು ಈ ಗಟ್ಟಿತನವೇ.

ಅಂಥ ಎಷ್ಟೋ ಗೋಡೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿದರೆ ಬುಸುಗುಟ್ಟುತ್ತಾ ಅರಳುತ್ತದೆ. ಮರಳು ಬೆರೆಸಿ ಇಟ್ಟಿಗೆಗಳ ನಡುವೆ ಹಾಕಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಮೆತ್ತಗಿನ ಕಲ್ಲು, ಮೈತುಂಬ ಸಣ್ಣ ಸಣ್ಣ ರಂಧ್ರ. ಗೋಡೆಗೆ ಇಳಿದ ನೀರು ಈ ಸಂದುಗಳ ಮೂಲಕವೇ ಆರಿಹೋಗುತ್ತದೆ. ಗೋಡೆ ತುಸು ಅಲುಗಿದರೂ ಗಾರೆ ತಾನು ಸವೆದು ಇಟ್ಟಿಗೆಯನ್ನು ಉಳಿಸುತ್ತದೆ.

ಆ ಸಂದುಗಳಿಗೆ ಸಿಮೆಂಟ್ ತುಂಬಿದರೆ ನೀರಿನ ದಾರಿ ಮುಚ್ಚಿಹೋಗುತ್ತದೆ. ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕಾಗುತ್ತದೆ. ನೀರು ಆರುವಾಗ ಅದರಲ್ಲಿದ್ದ ಉಪ್ಪು ಇಟ್ಟಿಗೆಯ ಮೇಲ್ಪದರದ ಹಿಂದೆ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಒಳಗಿನಿಂದ ಒತ್ತುತ್ತದೆ. ಕೊನೆಗೆ ಇಟ್ಟಿಗೆಯ ಮುಖವೇ ಹಕ್ಕಳೆಯೆದ್ದು ಉದುರುತ್ತದೆ, ಸಿಮೆಂಟಿನ ಗೆರೆ ಮಾತ್ರ ಹಾಗೇ ಮುಂದಕ್ಕೆ ಚಾಚಿಕೊಂಡಿರುತ್ತದೆ. ಇದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಗ್ರೀಸ್ ದೇಶದ ಅಥೆನ್ಸಿನ ಪುರಾತನ ದೇಗುಲ ಪಾರ್ಥೆನಾನ್‌ಗೂ ದುರಸ್ತಿಯಿಂದಲೇ ಪೆಟ್ಟು ಬಿತ್ತು. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಕಟ್ಟಿದವರು ಅಮೃತಶಿಲೆಯ ಕಲ್ಲುಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದು, ಸುತ್ತ ಸೀಸ ಎರೆದಿದ್ದರು. ಸೀಸ ಇದ್ದುದರಿಂದ ಕಬ್ಬಿಣಕ್ಕೆ ನೀರು ತಾಗಲಿಲ್ಲ. 20ನೇ ಶತಮಾನದ ಆರಂಭದಲ್ಲಿ ನಿಕೊಲಾಸ್ ಬಲಾನೊಸ್ ಎಂಬ ಎಂಜಿನಿಯರ್ ನಡೆಸಿದ ದುರಸ್ತಿಯಲ್ಲಿ ಕಬ್ಬಿಣಕ್ಕೆ ಆ ರಕ್ಷಣೆ ಇರಲಿಲ್ಲ. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ. ಉಬ್ಬಿದ ಪಟ್ಟಿಗಳು ಅಮೃತಶಿಲೆಯನ್ನೇ ಸೀಳಿದವು.

ಅಲ್ಲಿ ಈಗ ಹಾಕುತ್ತಿರುವುದು ಟೈಟಾನಿಯಂ. ಅದಕ್ಕೆ ಈ ತುಕ್ಕಿನ ಕಾಟವಿಲ್ಲ, ಬಿಸಿಲಿಗೆ ಹಿಗ್ಗುವುದೂ ಕಡಿಮೆ. ಪಟ್ಟಿಗಳ ಅಳತೆ ಲೆಕ್ಕ ಹಾಕಿದ ರೀತಿ ನನಗೆ ತುಂಬಾ ಇಷ್ಟ: ಜೋರಾದ ಎಳೆತ ಬಿದ್ದರೆ ಕಲ್ಲಿಗಿಂತ ಮೊದಲು ಪಟ್ಟಿಯೇ ಬಾಗಬೇಕು.

ಹೊಸ ವಸ್ತು ಮುಟ್ಟಲೇಬಾರದು ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಹಳೆಯ ವಿಧಾನ ಸಾಲದಿದ್ದರೆ, ಪರೀಕ್ಷೆಯಲ್ಲಿ ಗೆದ್ದ ಹೊಸ ತಂತ್ರವನ್ನು ಬಳಸಲು ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದು ಕೂಡ ಒಪ್ಪುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. ದುರಸ್ತಿಗೆ ಹಾಕಿದ್ದನ್ನು ಮೂಲಕ್ಕೆ ಏಟಾಗದಂತೆ ನಾಳೆ ತೆಗೆಯಲು ಆಗುತ್ತದಾ?

ಸಿಮೆಂಟ್ ಸೋಲುವುದು ಇಲ್ಲೇ. ಉಳಿಯಿಂದ ಕೆತ್ತಿದರೆ ಇಟ್ಟಿಗೆಯ ಅಂಚೂ ಜೊತೆಗೇ ಕಿತ್ತು ಬರುತ್ತದೆ. ಹಾಗಾಗಿ ತಜ್ಞರು ಕೆಲವು ಕಡೆ ಅದನ್ನು ಸುಮ್ನೆ ಬಿಟ್ಟು, ತಾನಾಗಿ ಸಡಿಲವಾಗುವವರೆಗೆ ಕಾಯುತ್ತಾರೆ.