ಬೀಗ ಬಿದ್ದ ಮನೆಯ ಹುಡುಗ

ಸುಗ್ಗಿ ಮುಗಿದ ಮೇಲೆ ರಾಯಚೂರು ಜಿಲ್ಲೆಯ ದೇವದುರ್ಗ, ಮಸ್ಕಿ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿರುತ್ತಾರೆ. ಬೈಕ್ ಕದ್ದು ಸಿಕ್ಕಿಬಿದ್ದು, ಬಾಲ ನ್ಯಾಯ ಮಂಡಳಿಯಿಂದ ಆಪ್ತ ಸಮಾಲೋಚನೆಗೆ ನಿಯೋಜಿತನಾದ ಹದಿನಾರರ ಹುಡುಗನೂ ಅವರ ಜೊತೆ ಹೋಗಿದ್ದರೆ? ಕಡತದಲ್ಲಿ ಅವನ ಹೆಸರಿನ ಮುಂದೆ 'ಸಹಕರಿಸುತ್ತಿಲ್ಲ' ಎಂಬ ಷರಾ ಬೀಳುವುದು ಸುಲಭ. ನನ್ನ ತಕರಾರು ಈ ಷರಾದ ಬಗ್ಗೆ.

2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಸಮಾಲೋಚನೆ, ಸಮುದಾಯ ಸೇವೆ, ವ್ಯಸನಮುಕ್ತಿ ಚಿಕಿತ್ಸೆ ಎಲ್ಲಕ್ಕೂ ಅವಕಾಶವಿದೆ. ಆದರೆ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗಲು ಒಂದು ದಿನ ಬೇಕು. ಶಕ್ತಿ ಯೋಜನೆಯಿಂದ ತಾಯಿಗೆ ಬಸ್ ಪ್ರಯಾಣ ಉಚಿತ, ಮಗನಿಗೆ ಟಿಕೆಟ್. ಕೂಲಿಯಂತೂ ಇಬ್ಬರದೂ ಖೋತಾ.

ಇಂಥ ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರಿಗೆ ಕಂಡದ್ದು ಇದು: ಮತ್ತೆ ಅಪರಾಧಕ್ಕೆ ಇಳಿಯುವ ಸಾಧ್ಯತೆ ಹೆಚ್ಚಿರುವವರೇ ನಡುವೆ ಬಿಟ್ಟು ಹೋಗುವುದೂ ಹೆಚ್ಚು. ಅಂದರೆ ಔಷಧ ಯಾರಿಗೆ ಬೇಕೋ ಅವರೇ ಕೈತಪ್ಪುತ್ತಾರೆ.

ಏಕೆ? 1979ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ ಚಿಕಿತ್ಸಕರಿಗೂ ಚಿಕಿತ್ಸೆಗೆ ಬಂದವರಿಗೂ ನಡುವಿನ ನಂಟನ್ನು ಮೂರು ಎಳೆಗಳಾಗಿ ಬಿಡಿಸಿದರು: ಗುರಿಯ ಬಗ್ಗೆ ಒಪ್ಪಿಗೆ, ಅದಕ್ಕಾಗಿ ಮಾಡುವ ಕೆಲಸದ ಬಗ್ಗೆ ಒಪ್ಪಿಗೆ, ಪರಸ್ಪರ ವಿಶ್ವಾಸ. ಆದೇಶದ ಮೇಲೆ ಬಂದ ಹುಡುಗನಲ್ಲಿ ಮೊದಲ ಎಳೆಯೇ ಸಡಿಲ. ಅವನು ಸುಧಾರಿಸಲಿ ಎಂಬುದು ಸಮಾಲೋಚಕರ ಗುರಿ, ಪ್ರಕರಣ ಮುಗಿಯಲಿ ಎಂಬುದು ಅವನ ಗುರಿ. ಆಡಿದ್ದೆಲ್ಲ ಮಂಡಳಿಗೆ ಮುಟ್ಟೀತೆಂಬ ಅಂಜಿಕೆ ಬೇರೆ. ಚುರುಕಾದ ಹುಡುಗರು 'ಹೌದು ಸರ್' ಎನ್ನುವುದನ್ನು ಎರಡೇ ವಾರದಲ್ಲಿ ಕಲಿಯುತ್ತಾರೆ. ತಲೆಯಾಡಿಸುವವನಿಗಿಂತ ವಾದಕ್ಕೆ ನಿಲ್ಲುವವನೇ ಹೆಚ್ಚು ಮನಸ್ಸಿಟ್ಟು ಕುಳಿತಿರಬಹುದು. ಹಾಜರಿ ಪುಸ್ತಕಕ್ಕೆ ಅದು ಗೊತ್ತಾಗುವುದಿಲ್ಲ. ಮನೆಯಲ್ಲಿ ದಖನಿಯನ್ನೋ ತೆಲುಗನ್ನೋ ಆಡುವವನ ಮುಂದೆ ಪುಸ್ತಕದ ಕನ್ನಡ ಬಿಚ್ಚಿದರೆ ಮೂರನೆಯ ಎಳೆಯೂ ಹರಿದಂತೆಯೇ. (ಈ ಲೇಖನದ ಕನ್ನಡವೂ ಅವನಿಗೆ ಒಗ್ಗಲಿಕ್ಕಿಲ್ಲ.)

ಕುಡಿತಕ್ಕೆ ಬಿದ್ದವರೊಡನೆ ಕೆಲಸ ಮಾಡುತ್ತಿದ್ದ ವಿಲಿಯಂ ಮಿಲ್ಲರ್ 1983ರಲ್ಲಿ ಬೇರೊಂದು ಮಾತಿನ ಕ್ರಮವನ್ನು ಮುಂದಿಟ್ಟರು. ಬುದ್ಧಿವಾದ ಹೇಳಿದಷ್ಟೂ ಎದುರಿನವರು ಚಟದ ಪರವಾಗಿಯೇ ವಾದಿಸುತ್ತಾರೆ. 'ಇದರಿಂದ ನಿನಗೆ ಸಿಕ್ಕಿದ್ದೇನು, ಹೋದದ್ದೇನು?' ಎಂದು ಕೇಳಿ ಸುಮ್ಮನಿದ್ದರೆ, ಬಿಡಬೇಕಾದ ಕಾರಣ ಅವರ ಬಾಯಿಂದಲೇ ಬರುತ್ತದೆ. ಸುಮ್ಮನಿರುವುದೇ ಕಷ್ಟ, ಹಿರಿಯರಾದ ನಮಗಂತೂ.

ಅಮೆರಿಕದ ಸ್ಕಾಟ್ ಹೆಂಗೆಲರ್ ಮತ್ತು ಸಂಗಡಿಗರು ರೂಪಿಸಿದ ಪದ್ಧತಿಯಲ್ಲಿ ಚಿಕಿತ್ಸಕರೇ ಮನೆಗೆ ಹೋಗುತ್ತಾರೆ. ಮೂರರಿಂದ ಐದು ತಿಂಗಳು, ಹೊತ್ತಲ್ಲದ ಹೊತ್ತಿನಲ್ಲೂ ತಾಯಂದಿರ ಫೋನಿಗೆ ಸಿಗುತ್ತಾರೆ. ಎಲ್ಲ ದೇಶಗಳಲ್ಲೂ ಇದರ ಫಲ ಒಂದೇ ತೆರನಾಗಿಲ್ಲ. ಆದರೂ ಮನೆಗೆ ಹೋದವರಿಗೆ ಬೀಗವಾದರೂ ಕಾಣುತ್ತದೆ. ಪಕ್ಕದ ಮನೆಯಲ್ಲಿ ಫೋನ್ ನಂಬರ್ ಕೇಳಿಕೊಂಡು ಬರಬಹುದು.