ಕಂಟ್ರಿ ಸಂಗೀತಕ್ಕೆ ಬೇಲಿ ಹಾಕಿದವರು

2019ರ ಮಾರ್ಚ್‌ನಲ್ಲಿ ಹಾಡುಗಳ ಜನಪ್ರಿಯತೆಯ ಪಟ್ಟಿ ಪ್ರಕಟಿಸುವ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ‘ಓಲ್ಡ್ ಟೌನ್ ರೋಡ್’ ಎಂಬ ಹಾಡನ್ನು ತನ್ನ ಕಂಟ್ರಿ, ಅಂದರೆ ಹಳ್ಳಿಗಾಡಿನದೆಂದು ಹೆಸರಾದ ಸಂಗೀತದ, ಪಟ್ಟಿಯಿಂದ ತೆಗೆದುಹಾಕಿತು. ಲಿಲ್ ನಾಸ್ ಎಕ್ಸ್ ಎಂಬ ಕಪ್ಪು ಯುವಕ ಹಾಡಿದ ಅದರಲ್ಲಿ ಕುದುರೆಯೂ ಇತ್ತು, ಕೌಬಾಯ್ ಟೋಪಿಯೂ ಇತ್ತು, ಬ್ಯಾಂಜೊ ನಾದವೂ ಇತ್ತು. ಇಂದಿನ ಕಂಟ್ರಿಯ ಲಕ್ಷಣಗಳು ಸಾಲದು ಎಂದು ಪತ್ರಿಕೆ ಕಾರಣ ಹೇಳಿತು. ಅದೇ ಹಾಡು ದೇಶದ ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. ‘ಇದು ಅಸಲಿ ಕಂಟ್ರಿಯೇ?’ ಎಂಬ ಜಗಳಕ್ಕೆ ಆಗಲೇ ಸುಮಾರು ನೂರು ವರ್ಷ ವಯಸ್ಸಾಗಿತ್ತು. ಅದರ ಬೇರು ಹಳ್ಳಿಯ ಜಗಲಿಗಳಲ್ಲಿ ಸಿಗುವುದಿಲ್ಲ. ರೆಕಾರ್ಡ್ ಕಂಪನಿಗಳ ಮಾರಾಟದ ಪಟ್ಟಿಗಳಲ್ಲಿ ಸಿಗುತ್ತದೆ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರೂ ಬಿಳಿಯರೂ ಒಬ್ಬರಿಂದೊಬ್ಬರು ಹಾಡು ಕಲಿಯುತ್ತಲೇ ಬಂದಿದ್ದರು. ಪಿಟೀಲು ಯುರೋಪಿನಿಂದ ಬಂದದ್ದು. ಬ್ಯಾಂಜೊ, ಗುಲಾಮರನ್ನಾಗಿ ಹಿಡಿದು ತಂದ ಆಫ್ರಿಕನ್ನರ ತಂತಿವಾದ್ಯ. 1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿ ಹಾಡಿದ ಬ್ಲೂಸ್ (ಕಪ್ಪು ಜನರ ನೋವಿನ ಹಾಡು) ರೆಕಾರ್ಡ್ ಭರ್ಜರಿಯಾಗಿ ಮಾರಾಟವಾದಾಗ ಕಂಪನಿಗಳು ಕಪ್ಪು ಗ್ರಾಹಕರಿಗೆಂದೇ ‘ರೇಸ್ ರೆಕಾರ್ಡ್ಸ್’ ಎಂಬ ಪ್ರತ್ಯೇಕ ಸಾಲು ತೆರೆದವು. 1923ರ ಜೂನ್‌ನಲ್ಲಿ ಓಕೆ ಕಂಪನಿಯ ರಾಲ್ಫ್ ಪಿಯರ್ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುಗಾರನ ಹಾಡನ್ನು ಮುದ್ರಿಸಿದ. ಆ ಹಾಡುಗಾರಿಕೆ ಪಿಯರ್‌ಗೆ ಸ್ವಲ್ಪವೂ ಹಿಡಿಸಿರಲಿಲ್ಲ, ಆದರೆ ರೆಕಾರ್ಡ್ ಖರ್ಚಾಯಿತು. ಬಿಳಿಯರಿಗಾಗಿ ಇನ್ನೊಂದು ಸಾಲು ಹುಟ್ಟಿತು. ‘ಹಿಲ್‌ಬಿಲಿ’ (ಗುಡ್ಡಗಾಡಿನ ಹಳ್ಳಿಗ) ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು; ಮುಂದೆ ಕಂಟ್ರಿ ಎನಿಸಿಕೊಂಡದ್ದು ಇದೇ. ನಾಡಿನಲ್ಲಿ ಬೆರೆತೇ ಬೆಳೆದಿದ್ದ ಸಂಗೀತ ಅಂಗಡಿಯಲ್ಲಿ ಹಾಡುವವರ ಬಣ್ಣಕ್ಕೆ ತಕ್ಕಂತೆ ಎರಡಾಯಿತು.

ಬೆಟ್ಟದ ಮುಗ್ಧ ಹಳ್ಳಿಗನೆಂದು ಮಾರಾಟವಾದ ಕಾರ್ಸನ್ ನಿಜಕ್ಕೂ ಅಟ್ಲಾಂಟಾ ನಗರದ ಹತ್ತಿ ಗಿರಣಿಯಲ್ಲಿ ದುಡಿದವನು, ಮನೆಗಳಿಗೆ ಬಣ್ಣ ಬಳಿದವನು. ಈ ಸಂಗೀತಕ್ಕೆ ದೇಶದಾದ್ಯಂತ ಮೊದಲ ದೊಡ್ಡ ಗೆಲುವು ತಂದ ವರ್ನನ್ ಡಾಲ್‌ಹಾರ್ಟ್, ಒಪೆರಾ ಶೈಲಿಯಲ್ಲಿ ತರಬೇತಾದ ಗಾಯಕ. ಅವನ ಹೆಸರೂ ಟೆಕ್ಸಸ್‌ನ ಎರಡು ಊರುಗಳಿಂದ ಹೊಂದಿಸಿಕೊಂಡದ್ದು.

ಈ ಹಳ್ಳಿಯ ಚಿತ್ರವನ್ನು ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಕಟ್ಟಿದವನು ಜಾರ್ಜ್ ಹೇ. ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ಒಂದು ವಿಮಾ ಕಂಪನಿಯ ರೇಡಿಯೊ ಕೇಂದ್ರ. 1925ರಲ್ಲಿ ಅಲ್ಲಿ ಹೇ ಶನಿವಾರ ರಾತ್ರಿಯ ಹಾಡುಕೂಟ ಶುರುಮಾಡಿದ. ಅಲ್ಲಿ ನುಡಿಸುತ್ತಿದ್ದ ಹಂಫ್ರಿ ಬೇಟ್ ಪದವಿ ಪಡೆದ ವೈದ್ಯ. ಬೇಟ್‌ನ ತಂಡಕ್ಕೆ ಹೇ ‘ಪಾಸಮ್ ಹಂಟರ್ಸ್’ ಎಂದು ಬೇಟೆಗಾರರ ಹೆಸರಿಟ್ಟ. ಕೋಟು ಟೈ ಧರಿಸಿ ಬರುತ್ತಿದ್ದ ವಾದಕರಿಗೆ ರೈತರ ಉಡುಪು ತೊಡಿಸಿ ಫೋಟೊ ತೆಗೆಸಿದ.

1927ರ ಡಿಸೆಂಬರ್ 10ರಂದು, ಹಿಂದಿನ ಶಾಸ್ತ್ರೀಯ ಸಂಗೀತ ಕಾರ್ಯಕ್ರಮ ಮುಗಿದೊಡನೆ, ಒಬ್ಬ ಹಾರ್ಮೋನಿಕಾ ವಾದಕ ರೈಲಿನ ಓಟವನ್ನು ತನ್ನ ಉಸಿರಿನಲ್ಲೇ ಕೇಳಿಸಿದ. ಈವರೆಗೆ ಗ್ರ್ಯಾಂಡ್ ಒಪೆರಾ ಕೇಳಿದಿರಿ, ಇನ್ನು ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಹೇ ಘೋಷಿಸಿದ. ಕಂಟ್ರಿಯ ಅತ್ಯಂತ ಪವಿತ್ರ ವೇದಿಕೆಗೆ ಹೆಸರು ಬಂದ ಆ ರಾತ್ರಿ ರೈಲು ಓಡಿಸಿದ ಕಲಾವಿದ ಡಿಫೋರ್ಡ್ ಬೇಲಿ. ಆತ ಕಪ್ಪು ಮನುಷ್ಯ.

ಬೇಲಿ ಬಾಲ್ಯದಲ್ಲಿ ಪೋಲಿಯೊದಿಂದ ಬದುಕುಳಿದ ಗಿಡ್ಡ ದೇಹದವನು. ಆಪ್ರಿಯ ಅತಿ ಜನಪ್ರಿಯ ಕಲಾವಿದರಲ್ಲಿ ಒಬ್ಬನಾಗಿ ಊರೂರು ತಿರುಗಿದ. ರೇಡಿಯೊದಲ್ಲಿ ಅವನ ಬಣ್ಣ ಕಾಣುತ್ತಿರಲಿಲ್ಲ. ಪ್ರವಾಸದಲ್ಲಿ ಮಾತ್ರ ಹೋಟೆಲುಗಳು ಅವನಿಗೆ ಕೋಣೆ ಕೊಡುತ್ತಿರಲಿಲ್ಲ. 1941ರಲ್ಲಿ ಹಾಡುಗಳ ಹಕ್ಕಿನ ಶುಲ್ಕಕ್ಕಾಗಿ ರೇಡಿಯೊ ಕೇಂದ್ರಗಳಿಗೂ, ಹಾಡು ಕಟ್ಟಿದವರ ಪರವಾಗಿ ಶುಲ್ಕ ವಸೂಲಿ ಮಾಡುವ ಆಸ್ಕ್ಯಾಪ್ ಸಂಸ್ಥೆಗೂ ಜಟಾಪಟಿ ನಡೆದು, ಅವನು ಹೆಸರು ಮಾಡಿದ್ದ ಮಟ್ಟುಗಳನ್ನೇ ನುಡಿಸುವಂತಿಲ್ಲವೆಂದಾಯಿತು. ಆಪ್ರಿ ಅವನನ್ನು ಹೊರಗೆ ಹಾಕಿತು. ನಂತರ ಹೇ, ಅವನೊಬ್ಬ ಸೋಮಾರಿ ಎಂದು ಅವನ ಜನಾಂಗವನ್ನೂ ಎಳೆದು ತಂದು ಬರೆದ. ಆ ಮಾತು ಓದಿದಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ. ನ್ಯಾಶ್‌ವಿಲ್‌ನಲ್ಲಿ ಬೂಟ್ ಪಾಲಿಶ್ ಅಂಗಡಿ ನಡೆಸಿ ಬದುಕಿದ ಬೇಲಿ 1982ರಲ್ಲಿ ತೀರಿಕೊಂಡ. ಕಂಟ್ರಿಯ ಗೌರವಭವನ ಅವನನ್ನು ಸೇರಿಸಿಕೊಂಡದ್ದು 2005ರಲ್ಲಿ.

1927ರಲ್ಲೇ, ಟೆನೆಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ಪಿಯರ್ ಕಾರ್ಟರ್ ಕುಟುಂಬವನ್ನೂ ಜಿಮ್ಮಿ ರಾಜರ್ಸ್‌ನನ್ನೂ ಮೊದಲ ಬಾರಿಗೆ ಮುದ್ರಿಸಿದ. ಕಂಟ್ರಿ ಹುಟ್ಟಿದ್ದೇ ಅಲ್ಲಿ ಎನ್ನುವವರು ಬಹಳ. ಪಿಯರ್‌ನ ಆದಾಯ ಬರುತ್ತಿದ್ದದ್ದು ಹಾಡುಗಳ ಹಕ್ಕಿನಿಂದ. ಆದ್ದರಿಂದ ಅವನಿಗೆ ಹಳತರಂತೆ ಕೇಳಿಸುವ, ಆದರೆ ಹೊಸದೆಂದು ನೋಂದಾಯಿಸಬಹುದಾದ ಹಾಡುಗಳು ಬೇಕಿದ್ದವು. ಎ. ಪಿ. ಕಾರ್ಟರ್ ಊರೂರು ಅಲೆದು ಹಾಡು ಕಲೆಹಾಕಿದ. ಜೊತೆಗೆ ಹೋಗುತ್ತಿದ್ದವನು ಒಂದು ಕಾಲು ಕಳೆದುಕೊಂಡಿದ್ದ ಕಪ್ಪು ಗಿಟಾರ್ ವಾದಕ ಲೆಸ್ಲಿ ರಿಡಲ್. ಕಾರ್ಟರ್ ಸಾಹಿತ್ಯ ಬರೆದುಕೊಂಡರೆ ರಿಡಲ್ ಮಟ್ಟನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದ. ಹಕ್ಕಿನ ಕಾಗದದಲ್ಲಿ ಉಳಿದದ್ದು ಕಾರ್ಟರ್ ಹೆಸರು. 1930ರಲ್ಲಿ ರಾಜರ್ಸ್ ಹಾಡಿದ ಒಂದು ಯೋಡೆಲ್‌ಗೆ (ದನಿಯನ್ನು ಥಟ್ಟನೆ ಏರಿಳಿಸಿ ಹಾಡುವ ಹಾಡಿಗೆ) ಟ್ರಂಪೆಟ್ ಊದಿದವನು ಕಪ್ಪು ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್. ರೆಕಾರ್ಡಿನ ಮೇಲೆ ಅವನ ಹೆಸರೂ ಇರಲಿಲ್ಲ.

ಅಲ್ಲಿಂದ ಮುಂದೆ ‘ಅಸಲಿ’ಯ ವೇಷ ದಶಕಕ್ಕೊಮ್ಮೆ ಬದಲಾಯಿತು. ಸಿನಿಮಾಗಳಿಂದ ಕೌಬಾಯ್ ಟೋಪಿ ಬಂತು. ಮಿನುಗುವ ಕಲ್ಲಿನ ಕೋಟುಗಳನ್ನು ಹೊಲಿದುಕೊಟ್ಟ ನೂಡಿ ಕೋನ್ ಕೀವ್‌ನಲ್ಲಿ ಹುಟ್ಟಿದ ಯಹೂದಿ ದರ್ಜಿ. 1950ರ ದಶಕದ ಕೊನೆಗೆ ನ್ಯಾಶ್‌ವಿಲ್ ನಿರ್ಮಾಪಕರು ಹಳ್ಳಿಯ ಪಿಟೀಲನ್ನು ಬದಿಗಿಟ್ಟು ವಯೊಲಿನ್ ಮೇಳ ತಂದರು. 1975ರ ಕಂಟ್ರಿ ಪ್ರಶಸ್ತಿ ಸಮಾರಂಭದಲ್ಲಿ ಪಾಪ್ ಛಾಯೆಯ ಗಾಯಕ ಜಾನ್ ಡೆನ್ವರ್ ಗೆದ್ದಾಗ, ಹೆಸರು ಓದಬೇಕಿದ್ದ ಚಾರ್ಲಿ ರಿಚ್ ವೇದಿಕೆಯಲ್ಲೇ ಆ ಚೀಟಿಗೆ ಬೆಂಕಿ ಹಚ್ಚಿದ.

ಹಾಗಾದರೆ ಕಂಟ್ರಿಯಲ್ಲಿ ಸತ್ಯವೇ ಇಲ್ಲವೇ? ಖಂಡಿತ ಇದೆ. ಕೆಂಟಕಿಯ ಗಣಿ ಕಾರ್ಮಿಕನ ಮಗಳು ಲೊರೆಟಾ ಲಿನ್ 15ನೇ ವಯಸ್ಸಿನಲ್ಲಿ ಮದುವೆಯಾಗಿ, 20ರ ಹೊತ್ತಿಗೆ ನಾಲ್ಕು ಮಕ್ಕಳ ತಾಯಿಯಾದವರು. ಬಡ ಹಳ್ಳಿಯ ಹೆಣ್ಣಿನ ಬದುಕನ್ನು ಅವರಷ್ಟು ಬಲ್ಲವರು ವಿರಳ. 1975ರಲ್ಲಿ ಅವರು ಗರ್ಭನಿರೋಧಕ ಗುಳಿಗೆಯ ಬಗ್ಗೆ ಹಾಡಿದಾಗ ಹಲವು ಕಂಟ್ರಿ ರೇಡಿಯೊ ಕೇಂದ್ರಗಳು ಅದನ್ನು ಪ್ರಸಾರ ಮಾಡಲು ನಿರಾಕರಿಸಿದವು. ಬಾಗಿಲು ಕಾಯುವವರಿಗೆ ಬೇಕಿದ್ದದ್ದು ಹಳ್ಳಿಯ ಚಿತ್ರ. ಹಳ್ಳಿಯ ಹೆಣ್ಣು ಬಾಯಿಬಿಟ್ಟು ಆಡುವ ಮಾತು ಬೇಡವಾಗಿತ್ತು.

ಮಿಸಿಸಿಪಿಯ ಹತ್ತಿ ಹೊಲಗಳಿಂದ ಬಂದ ಕಪ್ಪು ಗಾಯಕ ಚಾರ್ಲಿ ಪ್ರೈಡ್‌ನ ಮೊದಲ ರೆಕಾರ್ಡುಗಳನ್ನು 1966ರಲ್ಲಿ ರೇಡಿಯೊಗಳಿಗೆ ಕಳಿಸಿದ್ದು ಅವನ ಫೋಟೊ ಇಲ್ಲದೆ. ಆತ ಗೆದ್ದ, 1971ರಲ್ಲಿ ಕಂಟ್ರಿಯ ವರ್ಷದ ಕಲಾವಿದನಾದ. ಲಿಂಡಾ ಮಾರ್ಟೆಲ್‌ಗೆ ಆ ಅದೃಷ್ಟವಿರಲಿಲ್ಲ. 1969ರಲ್ಲಿ ಆಪ್ರಿ ವೇದಿಕೆಯಲ್ಲಿ ಒಂಟಿಯಾಗಿ ಹಾಡಿದ ಮೊದಲ ಕಪ್ಪು ಮಹಿಳೆ ಆಕೆ. ರೆಕಾರ್ಡ್ ಮಾಡಿದ ಸಂಸ್ಥೆಯ ಹೆಸರು ಪ್ಲಾಂಟೇಶನ್, ಹಿಂದೆ ಗುಲಾಮರನ್ನು ದುಡಿಸುತ್ತಿದ್ದ ತೋಟಗಳ ಹೆಸರೂ ಅದೇ. ಒಂದೇ ಆಲ್ಬಂ ಬಂತು, 1970ರಲ್ಲಿ.

2024ರಲ್ಲಿ ಟೆಕ್ಸಸ್‌ನವರಾದ ಬಿಯಾನ್ಸೆ ‘ಕೌಬಾಯ್ ಕಾರ್ಟರ್’ ಆಲ್ಬಂನೊಂದಿಗೆ ಬಂದರು. ಕಂಟ್ರಿ ಹಾಡುಗಳ ಪಟ್ಟಿಯ ಶಿಖರ ಮುಟ್ಟಿದ ಮೊದಲ ಕಪ್ಪು ಮಹಿಳೆಯಾದರು. ಆ ವರ್ಷ ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ಅವರನ್ನು ಒಂದು ಪ್ರಶಸ್ತಿಗೂ ನಾಮನಿರ್ದೇಶನ ಮಾಡಲಿಲ್ಲ. 2025ರ ಫೆಬ್ರುವರಿಯಲ್ಲಿ ಗ್ರ್ಯಾಮಿ ಅದೇ ಆಲ್ಬಂಗೆ ಅತ್ಯುತ್ತಮ ಕಂಟ್ರಿ ಆಲ್ಬಂ ಪ್ರಶಸ್ತಿ ಕೊಟ್ಟಿತು. ಆ ಆಲ್ಬಂನಲ್ಲಿ ಮಾರ್ಟೆಲ್ ದನಿಯಿದೆ; ಸಂಗೀತದ ಪ್ರಕಾರಗಳು ಕೆಲವರನ್ನು ಕಟ್ಟಿಹಾಕುತ್ತವೆ ಎಂದು ಆಕೆ ಅಲ್ಲಿ ನುಡಿಯುತ್ತಾರೆ. ಆ ಹಾಡಿನಿಂದಾಗಿ, 83ನೇ ವಯಸ್ಸಿನಲ್ಲಿ, ಆಕೆಗೆ ಗ್ರ್ಯಾಮಿ ನಾಮನಿರ್ದೇಶನ ಬಂತು. ಅದು ರ‍್ಯಾಪ್ ವಿಭಾಗದಲ್ಲಿ.