ಇತ್ತೀಚಿನ ಫೈಲ್‌ಗಳ ಪಟ್ಟಿಯಿಂದ ಒಂದೇ ಒಂದು ಹೆಸರನ್ನು ತೆಗೆಯಬಹುದೇ?

ಪ್ರಶ್ನೆ: ಕಚೇರಿಯ ಒಂದೇ ಕಂಪ್ಯೂಟರನ್ನು ನಾವು ಮೂವರು ಬಳಸುತ್ತೇವೆ. ಬರಹ ತಿದ್ದುವ ತಂತ್ರಾಂಶವಾದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಫೈಲ್ ಮೆನುವಿನ ತಳದಲ್ಲಿ ಹಿಂದೆ ತೆರೆದ ಫೈಲ್‌ಗಳ ಹೆಸರುಗಳು ಸಾಲಾಗಿ ಕಾಣುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ತೆಗೆಯಬೇಕು, ಉಳಿದವು ದಿನವೂ ಬೇಕಾಗುವಂಥವು. ಹಿಂದೊಮ್ಮೆ ಇಡೀ ಪಟ್ಟಿಯನ್ನೇ ಖಾಲಿ ಮಾಡಿದ್ದೆ. ಆಗಲೂ ಟಾಸ್ಕ್‌ಬಾರ್‌ನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದೇ ಹೆಸರುಗಳು ಕಾಣುತ್ತಿದ್ದವು. ಏನು ಮಾಡಲಿ?

ಉತ್ತರ: ನಿಮ್ಮ ಕಣ್ಣಿಗೆ ಬೀಳುತ್ತಿರುವವು ಎರಡು ಬೇರೆ ಬೇರೆ ಪಟ್ಟಿಗಳು. ಮೆನುವಿನಲ್ಲಿರುವುದನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬರೆದಿಟ್ಟುಕೊಳ್ಳುತ್ತದೆ, ಟಾಸ್ಕ್‌ಬಾರ್‌ನಲ್ಲಿರುವುದನ್ನು ವಿಂಡೋಸ್ ಬರೆದಿಟ್ಟುಕೊಳ್ಳುತ್ತದೆ. ಒಂದರಲ್ಲಿ ಅಳಿಸಿದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಎರಡರಲ್ಲೂ ಅಳಿಯುವುದು ಹೆಸರು ಮಾತ್ರ. ಫೈಲ್ ಇದ್ದ ಜಾಗದಲ್ಲೇ ಇರುತ್ತದೆ.

ಸುಲಭದ್ದನ್ನು ಮೊದಲು ಮುಗಿಸೋಣ. ಟಾಸ್ಕ್‌ಬಾರ್‌ನ ಪಟ್ಟಿಯಲ್ಲಿ ಬೇಡವಾದ ಹೆಸರಿನ ಮೇಲೆ ಮತ್ತೊಮ್ಮೆ ರೈಟ್ ಕ್ಲಿಕ್ ಮಾಡಿದರೆ, ಪಟ್ಟಿಯಿಂದ ಅದನ್ನು ತೆಗೆಯುವ ಆಯ್ಕೆ ಬರುತ್ತದೆ. ಅಷ್ಟೇ ಕೆಲಸ. ಈ ಪಟ್ಟಿಯೇ ಬೇಡವೆನ್ನುವವರು ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಅದರೊಳಗೆ ಸ್ಟಾರ್ಟ್ ಎಂಬಲ್ಲಿಗೆ ಹೋಗಿ ಇತ್ತೀಚೆಗೆ ತೆರೆದವುಗಳನ್ನು ತೋರಿಸುವ ಸ್ವಿಚ್ಚನ್ನು ಆಫ್ ಮಾಡಬಹುದು. ಆದರೆ ಅದನ್ನು ಆಫ್ ಮಾಡಿದರೆ ಎಲ್ಲ ತಂತ್ರಾಂಶಗಳ ಪಟ್ಟಿಗಳೂ ಒಟ್ಟಿಗೇ ಹೋಗುತ್ತವೆ. ಒಂದು ಹೆಸರಿಗಾಗಿ ಅಷ್ಟು ದೂರ ಹೋಗಬೇಕೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಮೆನುವಿನ ಪಟ್ಟಿ. ಅಲ್ಲಿ ಒಂದೊಂದೇ ಹೆಸರನ್ನು ಅಳಿಸುವ ಸೌಕರ್ಯವಿಲ್ಲ. ಇರುವುದು ಮೂರು ಆಯ್ಕೆಗಳು: ಕೊನೆಗೆ ಮುಚ್ಚಿದ ಫೈಲನ್ನು ಮತ್ತೆ ತೆರೆಯುವುದು (ಕಂಟ್ರೋಲ್, ಶಿಫ್ಟ್, ಟಿ ಒತ್ತಿದರೂ ಆಗುತ್ತದೆ), ಎಲ್ಲವನ್ನೂ ಒಟ್ಟಿಗೆ ತೆರೆಯುವುದು, ಪಟ್ಟಿಯನ್ನು ಪೂರ್ತಿ ಖಾಲಿ ಮಾಡುವುದು. ಈ ಪಟ್ಟಿಗೆ ಇನ್ನೊಂದು ವಿಚಿತ್ರ ಗುಣವಿದೆ. ಇದರಲ್ಲಿ ಬರುವುದು ಇತ್ತೀಚೆಗೆ ಮುಚ್ಚಿದ ಫೈಲ್‌ಗಳ ಹೆಸರು. ಫೈಲನ್ನು ತೆರೆದ ಕೂಡಲೇ ಹೆಸರು ಪಟ್ಟಿಯಿಂದ ಮಾಯವಾಗುತ್ತದೆ, ಟ್ಯಾಬ್ ಮುಚ್ಚಿದರೆ ಮತ್ತೆ ಬಂದು ಮೇಲೆ ಕೂರುತ್ತದೆ. ತೆರೆದು ನೋಡಿ, ಹೆಸರು ಹೋಯಿತೆಂದು ಸಮಾಧಾನಪಟ್ಟು, ಟ್ಯಾಬ್ ಮುಚ್ಚಿದ ಮೇಲೆ ಅದು ಮೊದಲ ಸ್ಥಾನದಲ್ಲೇ ಪ್ರತ್ಯಕ್ಷವಾದದ್ದನ್ನು ಕಂಡು ಬೇಸ್ತುಬೀಳುವವರು ಹಲವರು.

ಒಂದೇ ಹೆಸರನ್ನು ತೆಗೆಯಬೇಕೆಂದರೆ ಪಟ್ಟಿಯ ಮೂಲಕ್ಕೇ ಕೈಹಾಕಬೇಕು. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಆಪ್‌ಡೇಟಾ ಎಂಬುದನ್ನು ಇಂಗ್ಲಿಷಿನಲ್ಲಿ, ಹಿಂದೊಂದು ಮುಂದೊಂದು ಶೇಕಡಾ ಚಿಹ್ನೆಯ ಸಮೇತ ಟೈಪ್ ಮಾಡಿ. ತೆರೆಯುವ ಜಾಗದಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹೆಸರಿನ ಫೋಲ್ಡರ್ ಇದೆ. ಅದರಲ್ಲಿ ಕಾನ್ಫಿಗ್ ಎಂಬ ಎಕ್ಸ್‌ಎಂಎಲ್ ಫೈಲ್ ಇದೆ. ಮೊದಲು ಅದರದೊಂದು ಪ್ರತಿ ಮಾಡಿಟ್ಟುಕೊಳ್ಳಿ. ಆಮೇಲೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅನ್ನು ಪೂರ್ತಿ ಮುಚ್ಚಿ, ಈ ಫೈಲನ್ನು ವಿಂಡೋಸ್‌ನ ಸಾದಾ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮುಚ್ಚುವುದು ಕಡ್ಡಾಯ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ತನ್ನ ನೆನಪಿನಲ್ಲಿರುವುದನ್ನು ಹೊರಡುವಾಗ ಈ ಫೈಲಿಗೆ ಮತ್ತೆ ಬರೆಯುತ್ತದೆ. ಅದನ್ನು ತೆರೆದಿಟ್ಟುಕೊಂಡೇ ತಿದ್ದಿದರೆ ನಿಮ್ಮ ತಿದ್ದುಪಡಿ ನೀರಿನಲ್ಲಿ ಹೋಮ.

ಒಳಗೆ ಹಿಸ್ಟರಿ ಎಂದು ಆರಂಭವಾಗುವ ಭಾಗವನ್ನು ಹುಡುಕಿ. ಅದರ ಕೆಳಗೆ ಒಂದೊಂದು ಫೈಲಿಗೆ ಒಂದೊಂದು ಸಾಲು, ಡ್ರೈವ್‌ನಿಂದ ಹಿಡಿದು ಪೂರ್ಣ ವಿಳಾಸದೊಂದಿಗೆ ಇರುತ್ತದೆ. ಬೇಡದ ಸಾಲನ್ನು ಎಡಗಡೆಯ ಕೋನಾಕಾರದ ಆವರಣದಿಂದ ಬಲಗಡೆಯ ಆವರಣದವರೆಗೆ ಪೂರ್ತಿ ಅಳಿಸಿ, ಉಳಿಸಿ, ಮುಚ್ಚಿ. ಅರ್ಧ ಸಾಲು ಉಳಿದರೆ ಫೈಲಿನ ರಚನೆ ಕೆಡುತ್ತದೆ. ಪ್ರತಿ ಮಾಡಿಟ್ಟುಕೊಳ್ಳಿ ಎಂದದ್ದು ಅದಕ್ಕೇ.

ಅಲ್ಲಿಯವರೆಗೆ ಹೋದವರು ಫೈಂಡ್ ಹಿಸ್ಟರಿ ಎಂಬ ಭಾಗವನ್ನೂ ಒಮ್ಮೆ ನೋಡಿ. ಹುಡುಕುವ ಪೆಟ್ಟಿಗೆಯಲ್ಲಿ ನೀವು ಇತ್ತೀಚೆಗೆ ಟೈಪ್ ಮಾಡಿದ ಪದಗಳು ಅಲ್ಲಿ ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತಿರುತ್ತವೆ. ಯಾರದೋ ಹೆಸರನ್ನೋ ಮೊಬೈಲ್ ಸಂಖ್ಯೆಯನ್ನೋ ಹುಡುಕಿದ್ದರೆ ಅದೂ ಇರುತ್ತದೆ. ಮೆನುವಿನಲ್ಲಿ ಒಂದು ಫೈಲಿನ ಹೆಸರು ಕಾಣುತ್ತದೆಂದು ಸಂಕೋಚಪಡುವವರು ಇದರ ಬಗ್ಗೆ ಹೆಚ್ಚು ಯೋಚಿಸಬೇಕು.

ಅದಕ್ಕಿಂತ ದೊಡ್ಡದು ಟ್ಯಾಬ್‌ಗಳ ವಿಷಯ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಸೆಟ್ಟಿಂಗ್ಸ್ ಮೆನುವಿನಲ್ಲಿರುವ ಪ್ರಿಫರೆನ್ಸಸ್‌ನ ಬ್ಯಾಕಪ್ ಪುಟದಲ್ಲಿ ಈಗಿನ ಸೆಷನ್ನನ್ನು ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳುವ ಆಯ್ಕೆ ಆನ್ ಆಗಿದ್ದರೆ, ಮುಚ್ಚದೆ ಬಿಟ್ಟ ಟ್ಯಾಬ್‌ಗಳು ಮರುದಿನ ಹಾಗೇ ತೆರೆದುಕೊಳ್ಳುತ್ತವೆ. ಬ್ಯಾಕಪ್ ಕೂಡ ಆನ್ ಆಗಿದ್ದರೆ, ಹೆಸರಿಡದೆ, ಉಳಿಸದೆ ಬಿಟ್ಟ ಬರಹವೂ ಬರುತ್ತದೆ. ಇಂಥ ಹೆಸರಿಲ್ಲದ ಟ್ಯಾಬ್‌ಗಳು ಇತ್ತೀಚಿನ ಫೈಲ್‌ಗಳ ಪಟ್ಟಿಗೆ ಎಂದೂ ಸೇರುವುದಿಲ್ಲ, ಹಾಗಾಗಿ ಪಟ್ಟಿ ಖಾಲಿ ಮಾಡಿದರೂ ಅವಕ್ಕೆ ಏನೂ ಆಗುವುದಿಲ್ಲ. ಪಾಸ್‌ವರ್ಡ್ ಅಂಟಿಸಿಟ್ಟುಕೊಳ್ಳಲು ನಾವೆಲ್ಲ ಬಳಸುವುದು ಇದೇ ಹೆಸರಿಲ್ಲದ ಟ್ಯಾಬನ್ನು ಎಂಬುದೇ ಇಲ್ಲಿನ ತಮಾಷೆ.

ಪಟ್ಟಿಯ ಉದ್ದವನ್ನೂ ಹೊಂದಿಸಬಹುದು. ಪ್ರಿಫರೆನ್ಸಸ್‌ನಲ್ಲಿ ರೀಸೆಂಟ್ ಫೈಲ್ಸ್ ಹಿಸ್ಟರಿ ಎಂಬ ಪುಟವಿದೆ. ಸಾಮಾನ್ಯವಾಗಿ 10 ಹೆಸರುಗಳಿಗೆ ಜಾಗ. 30ರವರೆಗೆ ಹೆಚ್ಚಿಸಬಹುದು, 0 ಮಾಡಿದರೆ ಏನೂ ದಾಖಲಾಗುವುದಿಲ್ಲ. ಪಟ್ಟಿಯನ್ನು ಉಪಮೆನುವಿನೊಳಗೆ ಇಡುವ ಆಯ್ಕೆಯೂ ಅಲ್ಲೇ ಇದೆ. ನಿಮ್ಮಂತೆ ಹಂಚಿಕೊಂಡು ಕೆಲಸ ಮಾಡುವವರಿಗೆ ಇದು ಒಳ್ಳೆಯದು: ಮೆನು ತೆರೆದ ಕೂಡಲೇ ಪಕ್ಕದಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಬರಿಯ ಫೈಲ್ ಹೆಸರು ತೋರಿಸಬೇಕೋ ಪೂರ್ಣ ವಿಳಾಸವೋ ಎಂಬಲ್ಲಿ ನನ್ನ ಮತ ಪೂರ್ಣ ವಿಳಾಸಕ್ಕೆ. ಒಂದೇ ಹೆಸರಿನ ವರದಿ ಮೂರು ಫೋಲ್ಡರ್‌ಗಳಲ್ಲಿರುವ ಕಚೇರಿಯಲ್ಲಿ ಬರಿಯ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ಅದೇ ಪುಟದಲ್ಲಿ, ಶುರುವಾಗುವಾಗ ಫೈಲ್‌ಗಳು ಇವೆಯೇ ಎಂದು ಪರೀಕ್ಷಿಸುವುದು ಬೇಡ ಎನ್ನುವ ಟಿಕ್ ಇದೆ. ಟಿಕ್ ತೆಗೆದರೆ ಇಲ್ಲದ ಫೈಲ್‌ಗಳ ಹೆಸರುಗಳು ತಾವಾಗಿಯೇ ಕಳಚಿಕೊಳ್ಳುತ್ತವೆ. ಆದರೆ ಪಟ್ಟಿಯಲ್ಲಿ ನೆಟ್‌ವರ್ಕ್ ಡ್ರೈವ್‌ನ ಫೈಲ್‌ಗಳಿದ್ದು ಆ ಹೊತ್ತಿಗೆ ನೆಟ್‌ವರ್ಕ್ ಇಲ್ಲದಿದ್ದರೆ ತಂತ್ರಾಂಶ ತೆರೆಯಲು ತಡವಾಗಬಹುದು, ಬೇಕಾದ ಹೆಸರುಗಳೂ ಹೋಗಬಹುದು.

ಬರಹ ತಿದ್ದುವ ಬೇರೆ ಕೆಲವು ತಂತ್ರಾಂಶಗಳಲ್ಲಿ ಇಷ್ಟು ಪಾಡಿಲ್ಲ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಜೊತೆ ಆರ್ ಒತ್ತಿದರೆ ಬರುವ ಪಟ್ಟಿಯಲ್ಲಿ ಪ್ರತಿ ಹೆಸರಿನ ಬಲಕ್ಕೂ ಅಳಿಸುವ ಗುರುತಿದೆ.

ನೀವು ಮೂವರೂ ಒಂದೇ ವಿಂಡೋಸ್ ಖಾತೆಯಲ್ಲಿ ಕೆಲಸ ಮಾಡುತ್ತಿದ್ದರೆ ಈ ತಿದ್ದುವ ಕೆಲಸ ಎಂದಿಗೂ ಮುಗಿಯದು. ನಾನು ಮೇಲೆ ಹೇಳಿದ ಫೋಲ್ಡರ್ ಇರುವುದು ಆಯಾ ಬಳಕೆದಾರರ ಖಾತೆಯೊಳಗೆ. ತಲಾ ಒಂದು ಖಾತೆ ಮಾಡಿಕೊಡುವಂತೆ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿ. ಮೆನುವಿನ ಪಟ್ಟಿ, ಹುಡುಕಿದ ಪದಗಳು, ಟ್ಯಾಬ್‌ಗಳು, ಟಾಸ್ಕ್‌ಬಾರ್ ಎಲ್ಲವೂ ಅವರವರಿಗೆ ಬೇರೆಯಾಗುತ್ತವೆ.